ಹೆಂಡದ ಮಾರಯ್ಯನ ಅಂಗಡಿ, ಭೂತನಾಳದ ಬಾಲಕ

ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಹೆಂಡದ ಮಾರಯ್ಯನ ಹೆಸರು ವಿಶಿಷ್ಟವಾದುದು. ಹೆಂಡ ಮಾರುವುದು ಆತನ ವೃತ್ತಿ. ‘ಧರ್ಮೇಶ್ವರಲಿಂಗ’ ಆತನ ವಚನಾಂಕಿತ. ಕುಡಿಯಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿ ಮನ ತಿರುಗಿಸುತ್ತಿದ್ದನೆಂಬುದು ಪರಂಪರೆಯಿಂದ ಬಂದ ಮಾತು. ಮಾರುವ ಕೈಗೂ ಹೊಣೆಯುಂಟೆಂಬ ಅರಿವು ಆ ಅಂಗಡಿಯಲ್ಲಿತ್ತು. ಇಂದಿನ ಅಂಗಡಿಗಳಲ್ಲಿ ಅದನ್ನು ಹುಡುಕುವುದು ಕಷ್ಟ. ಆದರೆ ಹೊಣೆಯು ಅಂಗಡಿಯಲ್ಲಿಯೇ ಮುಗಿಯುವುದೂ ಇಲ್ಲ.

ವಿಜಯಪುರದ ಅಂಚಿನ ಭೂತನಾಳದಲ್ಲಿ, ಕೆರೆಯ ಏರಿಯ ಮೇಲೆ, ೧೬ರ ಬಾಲಕನೊಬ್ಬ ಗೆಳೆಯರೊಡನೆ ಕುಡಿದು ಕುಳಿತಿದ್ದುದನ್ನು ಆತನ ತಂದೆಯೇ ಕಂಡನು. ಆ ತಂದೆ ಮಠದ ಭಕ್ತ. ನಿತ್ಯದ ಲಿಂಗಪೂಜೆ ತಪ್ಪಿಸಿದವನಲ್ಲ, ಸಂಜೆಯ ಪಾಕೀಟನ್ನೂ ತಪ್ಪಿಸಿದವನಲ್ಲ. ಹೊಡೆಯಲು ಕೈಯೆತ್ತಿದಾಗ ಮಗನು ಕೇಳಿದ್ದು ಒಂದೇ ಮಾತು: “ಯಪ್ಪಾ, ನಾ ಹನ್ನೊಂದು ವರ್ಷದಾಂವ ಇದ್ದಾಗಿಂದ ನಿನಗ ಪಾಕೀಟ ತಂದು ಕೊಟ್ಟಾಂವ ಯಾರು?” ಎತ್ತಿದ ಕೈ ಇಳಿಯಿತು.

ಈ ಪ್ರಶ್ನೆಯನ್ನು ಕಾನೂನೂ ಕೇಳಿದೆ. ೨೦೧೫ರ ಬಾಲನ್ಯಾಯ ಕಾಯಿದೆಯ ೭೭ನೆಯ ಕಲಮಿನಂತೆ, ವೈದ್ಯರ ಸೂಚನೆಯ ಹೊರತು, ೧೮ ತುಂಬದವರಿಗೆ ಮದ್ಯ ಕೊಡುವುದು ಅಪರಾಧ. ೭೮ನೆಯ ಕಲಮು ಇನ್ನೂ ಮುಂದೆ ಹೋಗಿ, ಮದ್ಯವನ್ನು ಮಾರಲು, ಒಯ್ಯಲು, ಪೂರೈಸಲು ಮಕ್ಕಳನ್ನು ಬಳಸುವುದನ್ನೂ ಅಪರಾಧವೆನ್ನುತ್ತದೆ. ಎರಡಕ್ಕೂ ೭ ವರ್ಷಗಳವರೆಗೆ ಕಠಿಣ ಸೆರೆವಾಸ, ೧ ಲಕ್ಷ ರೂಪಾಯಿವರೆಗೆ ದಂಡ. ‘ಒಯ್ಯಲು’ ಎಂಬ ಆ ಒಂದು ಪದದ ಮುಂದೆ ಎಷ್ಟು ಮನೆಗಳು ತಲೆಯೆತ್ತಿ ನಿಂತಾವು! ಕರ್ನಾಟಕದಲ್ಲಿ ಅಬಕಾರಿ ಕಾಯಿದೆಯು ೧೮ ಎಂದರೆ, ೧೯೬೭ರ ಸನ್ನದು ನಿಯಮಗಳು ೨೧ ತುಂಬದವರಿಗೆ ಮಾರಕೂಡದೆನ್ನುತ್ತವೆ. ೨೦೨೩ರ ಜನವರಿಯಲ್ಲಿ ನಿಯಮದ ೨೧ನ್ನೂ ೧೮ಕ್ಕೆ ಇಳಿಸುವ ಕರಡು ಹೊರಬಂದು, ಜನರ ವಿರೋಧದಿಂದ ಹಿಂದೆ ಸರಿಯಿತು. ಆ ಮೂರು ವರ್ಷಗಳ ಅಂತರ ಕ್ಷುಲ್ಲಕವಲ್ಲ. ವಿವೇಚನೆಯನ್ನೂ ಸಂಯಮವನ್ನೂ ನಡೆಸುವ ಮೆದುಳಿನ ಮುಂಭಾಗವು ಸುಮಾರು ೨೫ರವರೆಗೂ ಬಲಿಯುತ್ತಲೇ ಇರುತ್ತದೆ. ಎಳೆಯ ವಯಸ್ಸಿನಲ್ಲಿ ತೊಡಗಿದ ಕುಡಿತವು ಚಟವಾಗಿ ನಿಲ್ಲುವ ಸಂಭವ ಹೆಚ್ಚು. ಮದ್ಯವು ಕ್ಯಾನ್ಸರಕಾರಕವೆಂದು ೧೯೮೮ರಲ್ಲಿಯೇ ನಿರ್ಣಯವಾಗಿದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಹೇಳಿತು.

೨೦೦೭ರ ಜುಲೈ ೧ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರಿಟ್ಟರು. ಆದರೆ ಅಗ್ಗದ ವಿಸ್ಕಿಯು ಪುಟ್ಟ ಪಾಕೀಟಿನಲ್ಲಿ ಬಂದು ಆ ಜಾಗದಲ್ಲಿ ಕುಳಿತಿತು. ಬಾಲಕನ ಅಂಗಿಯ ಜೇಬಿಗೆ ಸರಿಹೊಂದುವ ಗಾತ್ರ ಅದು.

ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಹೊರಟದ್ದು ಈ ನಾಡಿನ ಭಕ್ತರಿಗೆ ತಿಳಿದುದೇ. ಕಾಳುಕಡಿ, ಕಾಂಚಾಣ ಬೇಡದೆ ಚಟವನ್ನೇ ಭಿಕ್ಷೆಯಾಗಿ ಬೇಡಿದ ಜೋಳಿಗೆಯದು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ ೧ ವ್ಯಸನಮುಕ್ತ ದಿನವೆಂದು ಆಚರಿಸಲ್ಪಡುತ್ತಿದೆ.

ಭೂತನಾಳದ ತಂದೆಯೂ ಆ ಜೋಳಿಗೆಯನ್ನೇ ನೆನೆದು, ಮರುದಿನ ಮಠದಲ್ಲಿ ಪ್ರಮಾಣ ಮಾಡಿ, ಒಮ್ಮೆಗೇ ಬಿಟ್ಟನು. ಮೂರನೆಯ ದಿನ ಕೈನಡುಕ, ಬೆವರು, ಇಲ್ಲದ್ದನ್ನು ಕಾಣುವ ಭ್ರಮೆ. ಇದನ್ನು ದೈವದ ಕೋಪವೆಂದ ನೆರೆಯವರೂ ಇದ್ದರು. ವೈದ್ಯರು ಹೇಳಿದ್ದು ಬೇರೆ: ವರ್ಷಗಟ್ಟಲೆ ದಿನನಿತ್ಯ ಕುಡಿದ ದೇಹವು ಮದ್ಯವಿಲ್ಲದೆ ತಟ್ಟನೆ ಕೆರಳುತ್ತದೆ; ಮೂರ್ಛೆ ಬರಬಹುದು, ಜೀವವೂ ಹೋಗಬಹುದು; ಬಿಡುವುದಾದರೆ ಚಿಕಿತ್ಸೆಯೊಡನೆ ಬಿಡಬೇಕು. ಇದನ್ನು ತಿಳಿಸದೆ ಪ್ರಮಾಣ ಮಾಡಿಸುವುದು ಯಾವ ಮಠಕ್ಕೂ ಶೋಭಿಸದು. ಆತನಿಗೂ ಅಂದು ಯಾರೂ ತಿಳಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಕಳೆದ ಆರು ರಾತ್ರಿಗಳಲ್ಲಿ ಮಗನೇ ಬಳಿಯಿದ್ದನು. ಹೊರಗಿನ ಅಂಗಡಿಯಿಂದ ಗುಳಿಗೆ ತರಲು ದಾದಿಯು ಚೀಟಿ ಕೊಟ್ಟಾಗ, ಮಲಗಿದ್ದ ತಂದೆಯು ಮಗನ ಕೈಯಿಂದ ಚೀಟಿ ಕಸಿದುಕೊಂಡು, “ನೀ ಹೋಗಬ್ಯಾಡ, ನಿಮ್ಮ ಕಾಕಾ ತರತಾನ” ಎಂದನಂತೆ. ಗುಳಿಗೆಯ ಚೀಟಿ ಅದು ಎಂದು ತಿಳಿಸಲು ದಾದಿಗೆ ಸ್ವಲ್ಪ ಹೊತ್ತು ಬೇಕಾಯಿತು.