ವಾಪಸ್ ಬಾಡಿಗೆ

1999ರಲ್ಲಿ ಅಪ್ಪನಿಗೆ ಡಯಾಲಿಸಿಸ್ ಶುರುವಾಯಿತು. ನಂಜನಗೂಡಿನಿಂದ ಮೈಸೂರು 23 ಕಿ.ಮೀ.; ವೈದ್ಯರು ವಾರಕ್ಕೆ ಮೂರು ಸಲ ಬನ್ನಿ ಎಂದಿದ್ದರು, ನಮ್ಮ ದುಡ್ಡು ಎರಡಕ್ಕೇ ಸಾಲುತ್ತಿತ್ತು. ಕಾರು ಬುಕ್ ಮಾಡುವುದೆಂದರೆ ಹಿಂದಿನ ರಾತ್ರಿ ಟ್ಯಾಕ್ಸಿ ಸ್ಟ್ಯಾಂಡ್ ಪಕ್ಕದ ಬೀಡಾ ಅಂಗಡಿಗೆ ಫೋನ್ ಮಾಡಿ, 'ಐದೂವರೆಗೆ ಬರೋಕೆ ಡ್ರೈವರಣ್ಣಂಗೆ ಹೇಳಿ' ಅನ್ನುವುದು. ಅಂಗಡಿಯವರು ಸಿಗರೇಟು ಪ್ಯಾಕಿನ ಬೆನ್ನಿಗೆ ಗೀಚಿಕೊಳ್ಳುತ್ತಿದ್ದರು. ಸುದ್ದಿ ಮುಟ್ಟಿತೋ ಇಲ್ಲವೋ ಗೊತ್ತಾಗುತ್ತಿದ್ದುದು ಐದೂವರೆಗೇ.

ಡಯಾಲಿಸಿಸ್ ಸೂಜಿಗೆಂದು ಫಿಸ್ಟುಲಾ ಮಾಡಿದ್ದ ಎಡಗೈ ಹಿಡಿದು ಎಳೆಯಬಾರದೆಂದು ಡ್ರೈವರಣ್ಣನಿಗೆ ಗೊತ್ತಿತ್ತು. ಮೆಷಿನ್ ಮೇಲೆ ನಾಲ್ಕು ಗಂಟೆ. ಆಮೇಲೂ ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ಲಬೇಕು, ಇಳಿದ ಬಿಪಿ ಏರಬೇಕು. ಅಲ್ಲಿಯವರೆಗೆ ಅವನು ಅಂಬಾಸಿಡರ್‌ನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಆ ಕಾಲದ ಮನುಷ್ಯತ್ವವೇ ಬೇರೆ ಅನ್ನುವವರಿದ್ದಾರೆ. ವೇಟಿಂಗ್ ಚಾರ್ಜ್ ಕೊಡುತ್ತಿದ್ದವರು ನಾವು. ಮದುವೆ ಸೀಸನ್‌ನಲ್ಲಿ ದಿಬ್ಬಣದ ಬಾಡಿಗೆ ಸಿಕ್ಕರೆ ನಮಗೆ ಬಸ್ಸೇ ಗತಿ. ಒಮ್ಮೆ ಹಾಗೆ ಕಾದು, ಬಸ್ ಹಿಡಿದು ಹೋಗುವಷ್ಟರಲ್ಲಿ ಅಪ್ಪನ ಮೆಷಿನ್‌ಗೆ ಬೇರೊಬ್ಬರನ್ನು ಹಾಕಿಬಿಟ್ಟಿದ್ದರು. ಮನೆಯಲ್ಲಿದ್ದ ಅಮ್ಮನಿಗೆ ಅದು ತಿಳಿದದ್ದು ನಾವು ಸಂಜೆ ಬಂದ ಮೇಲೆ.

ಈಗ ಬೆಂಗಳೂರಿನಲ್ಲಿ ಅಕ್ಕನ ಸರದಿ. 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ತುರ್ತಿಗೆ ಮಾತ್ರ. ವಾರಕ್ಕೆ ಮೂರು ಸಲ ತಪ್ಪದೆ ಬರುವ ಕೆಲಸ ತುರ್ತಲ್ಲ. ಹಾಗಾಗಿ ಟ್ಯಾಕ್ಸಿ ಆ್ಯಪ್. ಹೋಗುವಾಗ ನಿಜಕ್ಕೂ ಸುಖ. ಕಾರು ಯಾವ ಸಿಗ್ನಲ್‌ನಲ್ಲಿ ನಿಂತಿದೆ ಎಂಬುದು ಆಫೀಸಿನಲ್ಲಿರುವ ಮಗಳಿಗೂ ಕಾಣುತ್ತದೆ. ಅಮ್ಮನಿಗೆ ಇದೊಂದು ಸಿಕ್ಕಿದ್ದರೆ ಎಷ್ಟೋ ಸಂಜೆಗಳು ಹಗುರವಾಗುತ್ತಿದ್ದವು.

ತೊಂದರೆಯೆಲ್ಲ ವಾಪಸ್ ಬರುವಾಗ. ಬಿಪಿ ಎಷ್ಟು ಹೊತ್ತಿಗೆ ಏರುತ್ತದೆಂದು ಯಾರು ಬುಕ್ ಮಾಡಬಲ್ಲರು? ಬೇಗ ಕರೆದರೆ ಡ್ರೈವರ್ ಐದು ನಿಮಿಷ ಕಾದು ಕ್ಯಾನ್ಸಲ್ ಮಾಡುತ್ತಾನೆ, ದಂಡ ನಮಗೆ. ತಡವಾಗಿ ಕರೆದರೆ ಅಕ್ಕ ಕಾರಿಡಾರಿನ ಸ್ಟೀಲ್ ಕುರ್ಚಿಯಲ್ಲಿ ಒರಗಿ ಕೂರಬೇಕು. ಜೊತೆಗೆ ಮ್ಯಾಪ್ ತೋರಿಸುವುದು ಮುಂದಿನ ಗೇಟು, ಡಯಾಲಿಸಿಸ್ ಘಟಕದ ಬಾಗಿಲು ಹಿಂದೆ, ಜನರೇಟರ್ ಪಕ್ಕ. 'ಸರ್, ನಾನು ಲೊಕೇಶನ್‌ನಲ್ಲೇ ಇದೀನಿ' ಅನ್ನುತ್ತಾನೆ. ಇದ್ದಾನೆ ಕೂಡ. ಸುಳ್ಳಲ್ಲ.

ನಾಲ್ಕು ತಿಂಗಳ ಹಿಂದೆ ಆ್ಯಪ್‌ನಲ್ಲಿ ಬಂದ ಹುಡುಗನೊಬ್ಬನ ನಂಬರ್ ತೆಗೆದುಕೊಂಡೆ. ರಾತ್ರಿ ವಾಟ್ಸಾಪ್‌ನಲ್ಲಿ 'ನಾಳೆ ಐದೂವರೆ' ಎಂದು ಕಳಿಸಿದರೆ ನೀಲಿ ಟಿಕ್ ಬರುತ್ತದೆ. ಆ್ಯಪ್ ಆಫ್ ಮಾಡಿ, ಹಿಂದಿನ ಬಾಗಿಲಲ್ಲಿ ಸೀಟು ಮಲಗಿಸಿಕೊಂಡು ಕಾಯುತ್ತಾನೆ. ವೇಟಿಂಗ್ ಚಾರ್ಜ್ ಬೇರೆ. ಮಗಳಿಗೀಗ ಕಾರು ಕಾಣುವುದಿಲ್ಲವಾದ್ದರಿಂದ ಗಂಟೆಗೊಮ್ಮೆ ನನಗೇ ಫೋನ್ ಮಾಡುತ್ತಾಳೆ. ಕಳೆದ ಶುಕ್ರವಾರ ಬೆಳಿಗ್ಗೆ ಐದಕ್ಕೆ ಅವನ ಮೆಸೇಜು: ಊರಲ್ಲಿ ಜಾತ್ರೆ ಸರ್, ಸೋಮವಾರ ಬರ್ತೀನಿ.