ಸರೋವರದ ದಡದಲ್ಲಿ ಒಂದು ಬೆಳಗು

೨೦೨೩ರ ಬೇಸಿಗೆಯಲ್ಲಿ ಅಕ್ಕ-ಭಾವನವರ ಕ್ಯಾರವಾನಿನಲ್ಲಿ ನಾವು ಇಂಗ್ಲೆಂಡಿನ ಕೆಸ್ವಿಕ್ ಊರಿಗೆ ಹೋಗಿದ್ದೆವು. ಎದುರಿಗೆ ಡರ್ವೆಂಟ್‌ವಾಟರ್ ಸರೋವರ. ಬೆನ್ನ ಹಿಂದೆ ೯೩೧ ಮೀಟರ್ ಎತ್ತರದ ಸ್ಕಿಡಾ ಬೆಟ್ಟ. ಆ ಸೊಬಗಿಗೆ ಕುಂದು ಒಂದೇ: ಬಂಡಿಯೊಳಗಿನ ಪಾಯಖಾನೆ ಜಿನುಗುತ್ತಿತ್ತು!

ಇಂಥ ಬಂಡಿಗಳಲ್ಲಿ ಮಲವೆಲ್ಲ ಆಸನದ ಕೆಳಗಿನ ಪೆಟ್ಟಿಗೆಯಲ್ಲಿ ಶೇಖರವಾಗುತ್ತದೆ. ಹಿಡಿಯುವುದು ಸುಮಾರು ೧೮ ಲೀಟರು. ಹೊತ್ತು ಚೆಲ್ಲಲು ಆಳಿಲ್ಲ. ಭಾವನವರು ಹೊರಗಿನ ಬಾಗಿಲು ತೆರೆದು ಪೆಟ್ಟಿಗೆಯನ್ನೆಳೆದು, “ಒಂದು ಕೈ ಹಿಡಿಯಪ್ಪಾ” ಎಂದರು. ನಾವು ಮೂಗು ಮುಚ್ಚಿಕೊಂಡೇ ಹಿಡಿದೆವು.

ನಿಗದಿಯಾದ ಸ್ಥಳದಲ್ಲಿ ಸುರಿದು ತೊಳೆದು ನೋಡಿದರೆ, ಪೆಟ್ಟಿಗೆಯ ಬಾಯಿಯ ರಬ್ಬರು ಬಳೆ ಒಣಗಿ ಬಿರುಕು ಬಿಟ್ಟಿತ್ತು. “ಕೊಬ್ಬರಿ ಎಣ್ಣೆ ಸವರಿದರೆ?” ಎಂದರು ನಮ್ಮ ಮನೆಯವರು. “ಎಣ್ಣೆ ರಬ್ಬರನ್ನು ಕೆಡಿಸುತ್ತದಮ್ಮಾ” ಎಂದು ಭಾವನವರು ಹೊಸ ಬಳೆ ತೊಡಿಸಿ, ಸಿಲಿಕೋನ್ ಲೇಪ ಸವರಿದರು. ನೀರು ತುಂಬಿ ಬೋರಲು ಹಿಡಿದರೂ ಒಂದು ಹನಿ ಬೀಳಲಿಲ್ಲ.

ಮಲ ಹೊರಿಸುವುದನ್ನು ನಮ್ಮ ದೇಶದ ಕಾಯಿದೆ ೧೯೯೩ರಲ್ಲಿ ನಿಷೇಧಿಸಿತು. ೨೦೧೩ರಲ್ಲಿ ಇನ್ನಷ್ಟು ಬಿಗಿಯಾಯಿತು. ಕಚೇರಿಯ ಕಾಗದದಲ್ಲಿ ಅದನ್ನು ಓದಿದ್ದೆವು; ತೋಳಿಗೆ ತಿಳಿದದ್ದು ಅಂದು. ಪುಣೆಗೆ ಮರಳಿದ ಮೇಲೆ ನಮ್ಮ ಮನೆಯ ಪಾಯಖಾನೆಯನ್ನು ನಾವೇ ತೊಳೆಯುತ್ತಿದ್ದೇವೆ.