ಕುದುರೆಗೆ ಗೊಟ್ಟ ಹಾಕಿದ ಮೇಷ್ಟ್ರು

ನಮ್ಮ ತೀರ್ಥಹಳ್ಳಿ ಸೀಮೆಯವರಿಗೆ ದನ ಗೊತ್ತು, ಎಮ್ಮೆ ಗೊತ್ತು, ತೋಟಕ್ಕೆ ನುಗ್ಗುವ ಮಂಗನಂತೂ ಬಹಳ ಚೆನ್ನಾಗಿ ಗೊತ್ತು. ಕುದುರೆ ಗೊತ್ತಿಲ್ಲ. ಕುದುರೆ ಎಂದರೆ ನಮಗೆ ಚದುರಂಗದ ಮಣೆಯ ಮೇಲೆ ನಿಂತದ್ದು, ಇಲ್ಲವೇ ಕ್ಯಾಲೆಂಡರಿನಲ್ಲಿ ಸೂರ್ಯದೇವರ ರಥಕ್ಕೆ ಕಟ್ಟಿದ್ದು. ಕೆಳದಿ ಅರಸರ ಕಾಲದಲ್ಲಿ ಈ ಸೀಮೆಯಲ್ಲಿ ಕುದುರೆ ದಂಡು ಓಡಾಡಿದ್ದು ನಿಜ. ಅದಕ್ಕೂ ಮೊದಲು ಭಟ್ಕಳದ ಬಂದರಿನಲ್ಲಿ ಇಳಿದ ಅರಬ್ಬಿ ಕುದುರೆಗಳು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಈಗ ಎಳ್ಳಮಾವಾಸ್ಯೆ ಜಾತ್ರೆಗೆ, ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸಲು, ಎಲ್ಲಿಂದಲೋ ಒಂದು ತಟ್ಟು ಬಂದರೆ ಬಂತು. ಅಷ್ಟೇ ನಮ್ಮ ಅಶ್ವಶಾಸ್ತ್ರ.

2019ರ ಜನವರಿಯಲ್ಲಿ ಹಾಗೆ ಬಂದ ತಟ್ಟುವೊಂದು ವಾಪಸು ಹೋಗಲಿಲ್ಲ. ರಾಮೇಶ್ವರ ದೇವರ ತೇರು ಆಯಿತು, ತುಂಗೆಯಲ್ಲಿ ತೆಪ್ಪೋತ್ಸವ ಆಯಿತು, ಬಳೆ ಅಂಗಡಿಯವರು ಗಂಟು ಕಟ್ಟಿದರು. ಹೊಳೆಯ ದಂಡೆಯಲ್ಲಿ ಕಂದು ಬಣ್ಣದ ಈ ತಟ್ಟು ಮಾತ್ರ ಮುಂಗಾಲೊಂದನ್ನು ಎತ್ತಿಕೊಂಡು ನಿಂತೇ ಇತ್ತು. ಕುಂಟುವ ಕುದುರೆಯನ್ನು ಲಾರಿಗೆ ಹತ್ತಿಸಿ ಮುಂದಿನ ಜಾತ್ರೆಗೆ ಒಯ್ದರೆ ಬಾಡಿಗೆಯೂ ಹುಟ್ಟುವುದಿಲ್ಲ ಎಂದು ಅದರ ಯಜಮಾನ ಲೆಕ್ಕ ಹಾಕಿದ್ದಿರಬೇಕು. ಎರಡು ದಿನ ಕಾದೆವು, ಯಾರೂ ಬರಲಿಲ್ಲ. ಮೂರನೆಯ ದಿನ ನಮ್ಮ ಎಂಟನೇ ತರಗತಿಯ ಹುಡುಗರು ಅದರ ಕೊರಳಿಗೆ ಹಗ್ಗ ಹಾಕಿ, ಮೆಲ್ಲಗೆ ನಡೆಸಿಕೊಂಡು, ಶಾಲೆಯ ಹಿಂದಿನ ಹಲಸಿನ ಮರಕ್ಕೆ ತಂದು ಕಟ್ಟಿಯೇಬಿಟ್ಟರು. 'ಚೇತಕ್' ಎಂದು ಹೆಸರೂ ಇಟ್ಟಾಗಿತ್ತು.

"ಎಂಥದು ಮಾರಾಯ್ರೆ ಇದು, ಶಾಲೆಯೋ ಕುದುರೆ ಲಾಯವೋ?" ಎಂದರು ಹೆಡ್ಮಾಸ್ಟರು. ಆದರೆ ಮಧ್ಯಾಹ್ನ ಅವರೂ ಒಂದು ಹಿಡಿ ಬೆಲ್ಲ ಹಿಡಿದು ಬಂದರು.

ವಿಜ್ಞಾನದ ಮೇಷ್ಟ್ರು ಎಂಬ ಕಾರಣಕ್ಕೆ ಆ ಪ್ರಾಣಿಯ ಉಸ್ತುವಾರಿ ನನ್ನ ಪಾಲಿಗೆ ಬಂತು. ನಾನು ಬಿ.ಎಸ್ಸಿ., ಬಿ.ಎಡ್. ಹಸುವಿನ ನಾಲ್ಕು ಕೋಣೆಯ ಜಠರದ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಆ ವಾರ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ದನಕ್ಕೆ ನಾಲ್ಕು ಕೋಣೆ ಅಂದ್ರಿ. ಚೇತಕ್‌ಗೆ ಎಷ್ಟು ಸಾರ್?" ಎಂದು ಕೇಳಿದಳು. "ಅದು ಸಿಲೆಬಸ್ಸಿನಲ್ಲಿ ಇಲ್ಲ ಕಣಮ್ಮ, ಆಮೇಲೆ ಹೇಳ್ತೀನಿ" ಎಂದೆ. ಆಮೇಲೆ ಎಂಬುದು ಬರಲಿಲ್ಲ.

ಊರಿಗೆ ಊರೇ ಚೇತಕ್‌ನ ಮೇಲೆ ಪ್ರೀತಿ ಸುರಿಸಿತು. ಕುದುರೆ ಎಂದರೆ ಹುರುಳಿ ಎಂದು ಎಲ್ಲರಿಗೂ ಗೊತ್ತಲ್ಲ. ಮನೆ ಮನೆಯಿಂದ ಹುರುಳಿ ಬಂತು. ಕೆಲವರದು ನೆನೆಸಿದ್ದು, ಕೆಲವರದು ಒಣಗಿದ್ದು. ಅಕ್ಕಿ ಗಿರಣಿಯಿಂದ ತವುಡು, ಬಿಸಿಯೂಟದಲ್ಲಿ ಉಳಿದ ಅನ್ನ, ಒಂದು ಗೃಹಪ್ರವೇಶದ ಪಾಯಸ. ಹುಲ್ಲು? ಒಂದು ಕಂತೆ ಒಣಹುಲ್ಲು ಮೂಲೆಯಲ್ಲಿ ಬಿದ್ದಿತ್ತು. ಇಷ್ಟೆಲ್ಲ ರುಚಿ ಇರುವಾಗ ಹುಲ್ಲು ಯಾರು ತಿನ್ನುತ್ತಾರೆ ಎಂದು ನಾವೇ ನಕ್ಕೆವು. ಹೊಟ್ಟೆ ತುಂಬಿಕೊಂಡಿದ್ದನ್ನು ನೋಡಿ ಮೈ ಹಿಡಿದಿದೆ ಎಂದುಕೊಂಡೆವು.

ಒಂಬತ್ತನೆಯ ದಿನ ಬೆಳಗ್ಗೆ ಅದು ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಎದ್ದು, ಪಕ್ಕೆಯನ್ನು ತಿರುತಿರುಗಿ ನೋಡಿಕೊಂಡು, ಮತ್ತೆ ಬೀಳುತ್ತಿತ್ತು. ಜನವರಿಯ ಚಳಿಯಲ್ಲಿ ಮೈಯೆಲ್ಲ ಬೆವರು. ಹೊಟ್ಟೆ ಉಬ್ಬರಿಸಿದ ದನಕ್ಕೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. ಓಮ, ಶುಂಠಿ, ಎಣ್ಣೆ ಸೇರಿಸಿ ಕಷಾಯ ಕಾಸಿ, ನಾಲ್ಕು ಜನ ತಲೆ ಎತ್ತಿ ಹಿಡಿದು, ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಸುರಿದೆವು. ಗೊಟ್ಟ ಹಿಡಿದ ಕೈ ನನ್ನದೇ. ಅರ್ಧ ಒಳಗೆ ಹೋಯಿತು, ಅರ್ಧ ಮೂಗಿನಿಂದ ಬಂತು. ಅದು ಕೆಮ್ಮಿದ್ದು ನನಗೆ ಈಗಲೂ ಕೇಳುತ್ತದೆ.

ಪಶುವೈದ್ಯರು ಇನ್ನೊಂದು ಊರಿನಲ್ಲಿ ಕರು ಹಾಕಿಸಿ ಮುಗಿಸಿ ಬರುವ ಹೊತ್ತಿಗೆ ಮಧ್ಯಾಹ್ನ. ಅವರು ಕೈಲಾದ ಮದ್ದು ಕೊಟ್ಟರು. ಸಂಜೆ ಐದಕ್ಕೆ ಚೇತಕ್ ಸತ್ತಿತು. ಕೈ ತೊಳೆಯುತ್ತಾ ಅವರು ಬಹಳ ಮೆತ್ತಗೆ ಕೇಳಿದರು, "ಕುದುರೆಗೆ ವಾಂತಿ ಬರೋದಿಲ್ಲ ಮೇಷ್ಟ್ರೇ. ಗೊತ್ತಿರಲಿಲ್ವ?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿದ್ದು ಆಮೇಲೆ, ಪುಸ್ತಕ ತೆರೆದು ಕೂತು. ದನದ ಮೊದಲ ಹೊಟ್ಟೆಯೊಂದರಲ್ಲೇ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಕುದುರೆಯ ಜಠರ ದೊಡ್ಡ ಪ್ರಾಣಿಗೆ ಪುಟ್ಟ ಚೀಲ. ಎಂಟರಿಂದ ಹದಿನೈದು ಲೀಟರು, ಒಂದೇ ಕೋಣೆ. ಅನ್ನನಾಳ ಅದನ್ನು ಸೇರುವಲ್ಲಿ ಸ್ನಾಯುವಿನ ಉಂಗುರ ಎಷ್ಟು ಬಿಗಿ ಎಂದರೆ ಒಳಗೆ ಹೋದದ್ದು ಮೇಲಕ್ಕೆ ಬರುವಂತಿಲ್ಲ. ಹುಲ್ಲು ಹುದುಗುವುದು ಹಿಂದೆ, ಸೀಕಮ್ ಎಂಬ ದೊಡ್ಡ ಚೀಲದಲ್ಲಿ ಮತ್ತು ದೊಡ್ಡ ಕರುಳಿನಲ್ಲಿ. ಅಲ್ಲಿಯ ಸೂಕ್ಷ್ಮಜೀವಿಗಳು ನಾರಿಗೆ ಒಗ್ಗಿದವು. ಅಲ್ಲಿಗೆ ಒಮ್ಮೆಲೇ ಅನ್ನ, ಕಾಳು, ಪಾಯಸದ ಪಿಷ್ಟ ನುಗ್ಗಿದರೆ ಆಮ್ಲ, ಅನಿಲ, ಉಬ್ಬರ. ಇನ್ನು ಗೊಟ್ಟ. ಕುದುರೆಯ ತಲೆ ಎತ್ತಿ ಹಿಡಿದು ಸುರಿದರೆ ದ್ರವ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬಹಳ. ಅದಕ್ಕೇ ವೈದ್ಯರು ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸುವುದು.

ಇಷ್ಟು ಓದಿದ ಮೇಲೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಲು ತರಗತಿಯಲ್ಲಿ ನನಗೆ ನಾಲಗೆ ಏಳಲಿಲ್ಲ. ಅವಳಾದರೂ ಮತ್ತೆ ಕೇಳಲಿಲ್ಲ. ಈಗ ಬಿ.ಕಾಂ. ಓದುತ್ತಿದ್ದಾಳೆ.

ನನ್ನಂಥವರು ಹಿಂದೆಯೂ ಇದ್ದರು ಎಂಬುದು ಆಮೇಲೆ ಸಿಕ್ಕ ಒಂದು ಕಹಿ ಸಮಾಧಾನ. ಹದಿಮೂರನೆಯ ಶತಮಾನದಲ್ಲಿ ದಕ್ಷಿಣ ಭಾರತದ ಕರಾವಳಿಗೆ ಬಂದ ಮಾರ್ಕೊ ಪೋಲೊ, ಇಲ್ಲಿಯ ರಾಜರು ಸಾವಿರಗಟ್ಟಲೆ ಕುದುರೆ ತರಿಸಿದರೂ ಅವು ಉಳಿಯುವುದಿಲ್ಲ, ಇವರಿಗೆ ಸಾಕಲು ಬಾರದು, ಅನ್ನದ ಜೊತೆ ಬೇಯಿಸಿದ ಮಾಂಸ ತಿನ್ನಿಸುತ್ತಾರೆ ಎಂದು ಬರೆದಿದ್ದಾನೆ. ನಮ್ಮ ಪಾಯಸ ಅದರ ತಮ್ಮ.

ಆ ವರ್ಷದ ಬೇಸಿಗೆ ರಜೆಯಲ್ಲಿ ಮೈಸೂರಿನಲ್ಲಿರುವ ನನ್ನ ಷಡ್ಡಕನ ಮನೆಗೆ ಹೋದೆ. ಎಲ್ಲರೂ ಅರಮನೆ ನೋಡಲು ಹೋದರೆ ನಾನು ಅರಮನೆಯ ಹೊರಗೆ ಟಾಂಗಾ ನಿಲ್ಲುವಲ್ಲಿ ಕೂತೆ. ಅಲ್ಲಿ ಎಪ್ಪತ್ತರ ಆಸುಪಾಸಿನ ಸಾಬರೊಬ್ಬರು ನನ್ನನ್ನು ಎರಡು ದಿನ ಅನುಮಾನದಿಂದಲೇ ನೋಡಿದರು. "ನೀವು ಪ್ರಾಣಿದಯೆಯವರಾ ಸಾರ್? ಫೋಟೋ ಹಿಡಿದು ಕಂಪ್ಲೇಂಟ್ ಕೊಡೋಕೆ ಬಂದಿದ್ದೀರಾ?" ನಾನು ಚೇತಕ್‌ನ ಕಥೆ ಹೇಳಿದೆ, ಗೊಟ್ಟವನ್ನೂ ಬಿಡದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಳೆ ಬೆಳಗ್ಗೆ ಐದಕ್ಕೆ ಮನೆ ಹತ್ರ ಬನ್ನಿ" ಎಂದರು.

ಹತ್ತು ದಿನ ಹೋದೆ. ಮೊದಲ ಎರಡು ದಿನ ಲದ್ದಿ ಬಾಚಿದ್ದೇ ಬಾಚಿದ್ದು. ಮೂರನೆಯ ದಿನ ಕುದುರೆಯ ಬಳಿ ಹೋಗುವುದನ್ನು ಕಲಿಸಿದರು. ಹಿಂದಿನಿಂದ ಹೋಗಬಾರದು, ನೆಟ್ಟಗೆ ಮೂಗಿನ ಎದುರಿಗೂ ಹೋಗಬಾರದು. ಆ ಎರಡು ಕಡೆ ಅದಕ್ಕೆ ಕಾಣುವುದಿಲ್ಲ. ಎಡ ಭುಜದ ಕಡೆಯಿಂದ, ಮಾತಾಡುತ್ತಾ ಹೋಗಬೇಕು. "ಏನು ಮಾತಾಡಲಿ ಸಾಬ್ರೇ?" ಎಂದೆ. "ಪಾಠ ಮಾಡಿ ಸಾರ್, ಅದು ಎದ್ದು ಹೋಗಲ್ಲ" ಎಂದರು.

ಮೊದಲು ನೀರು, ಆಮೇಲೆ ಹುಲ್ಲು, ಕಾಳು ಕೊನೆಗೆ. ಹುರುಳಿಯನ್ನು ಬೇಯಿಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ಸಲ. ಮೇವು ಬದಲಾಯಿಸಬೇಕಾದರೆ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತಾ ಒಂದು ವಾರ. ಗೊರಸನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಮಣ್ಣು ಕೆರೆಯುವುದನ್ನೂ ಕಲಿತೆ. ಗೊರಸಿನ ತಳದಲ್ಲಿ ಮೂರು ಮೂಲೆಯ ಮೆತ್ತನೆಯ ಭಾಗವೊಂದಿದೆ. ಇಂಗ್ಲಿಷಿನವರು ಅದಕ್ಕೆ ಯಾಕೋ 'ಫ್ರಾಗ್' ಎನ್ನುತ್ತಾರೆ, ಕಪ್ಪೆ! ಸದಾ ಒದ್ದೆಯಲ್ಲಿ ನಿಂತರೆ ಆ ಕಪ್ಪೆ ಕೊಳೆತು ನಾರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕುದುರೆ ಸಾಕುವುದು ಕಷ್ಟವಾದದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ಆಗ ಹೊಳೆಯಿತು.

ಕಾನೂನು ಸಾಬರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 1965ರ ನಿಯಮಗಳ ಪ್ರಕಾರ ಗಾಡಿಯಲ್ಲಿ ಹೊಡೆಯುವವನು ಮತ್ತು ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ಕು ಜನ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಒಂದೇ ಸಮನೆ ಐದು ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕಟ್ಟಲೇಬಾರದು. "ನಾಲ್ಕೇ ಜನ ಅಂದ್ರೆ ಆರು ಜನ ಹತ್ತಿ ಕೂತು ನನಗೇ ಬೈತಾರೆ ಸಾರ್. ಅವರ ಫೋಟೋ ಯಾರೂ ಹಿಡಿಯಲ್ಲ" ಎಂದರು. ಇದು ನನ್ನ ಮನಸ್ಸಿನಲ್ಲಿ ಉಳಿಯಿತು. ಮುಂಬೈಯಲ್ಲಿ ಮೋಜಿನ ಸವಾರಿಯ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಅಲ್ಲಿಯ ಹೈಕೋರ್ಟು ತೀರ್ಪು ಕೊಟ್ಟಿತು. ಸರಿ ಇರಬಹುದು. ಆದರೆ ಗಾಡಿ ನಿಂತ ಮರುದಿನ ಕುದುರೆಗೆ ಮೇವು ಹಾಕುವವರು ಯಾರು ಎಂಬುದನ್ನು ಸಾಬರ ಕೊಟ್ಟಿಗೆಯಲ್ಲಿ ಕೂತವನು ಕೇಳದೆ ಇರಲಾರ. ಆ ಪ್ರಶ್ನೆ ಒಂದೇ ವರ್ಷದಲ್ಲಿ ಮೈಸೂರಿಗೇ ಬಂತು. 2020ರ ಲಾಕ್‌ಡೌನಿನಲ್ಲಿ ಪ್ರವಾಸಿಗರಿಲ್ಲ, ಟಾಂಗಾ ಇಲ್ಲ. ಫೋನು ಮಾಡಿದರೆ ಸಾಬರು, "ನಾವು ಒಂದು ಹೊತ್ತು ಬಿಡ್ತೀವಿ ಸಾರ್. ಇದಕ್ಕೆ ಹೆಂಗೆ ಹೇಳೋದು?" ಎಂದರು. ನಮ್ಮ ಶಾಲೆಯ ಶಿಕ್ಷಕರು ಸೇರಿ ಮೇವಿಗೆಂದು ಒಂದಿಷ್ಟು ದುಡ್ಡು ಕಳಿಸಿದೆವು. ಹೆಡ್ಮಾಸ್ಟರು ಎಲ್ಲರಿಗಿಂತ ಹೆಚ್ಚು ಕೊಟ್ಟರು. ಬೆಲ್ಲದ ನೆನಪಿರಬೇಕು.

2022ರ ದಸರಾ ರಜೆಯಲ್ಲಿ ಬಂಡೀಪುರ ದಾಟಿ, ಮಸಿನಗುಡಿಯ ಆಚೆಯ ಮಾವನಹಳ್ಳಕ್ಕೆ ಹೋದೆ. ಅಲ್ಲಿ 'ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್' ಎಂಬ ಸಂಸ್ಥೆಯ ಆಶ್ರಯಧಾಮವಿದೆ. ಮೂವತ್ತಾರು ತಿರುವಿನ ಘಟ್ಟದ ಮೇಲೆ ಊಟಿ. ಅಲ್ಲಿ ಕೆರೆಯ ಸುತ್ತ ಪ್ರವಾಸಿಗರನ್ನು ಹೊತ್ತು ಸವೆದ ಕುದುರೆಗಳನ್ನು ಬೀದಿಗೆ ಬಿಡುತ್ತಾರೆ. ಅವು ಕಸದ ತೊಟ್ಟಿಯಲ್ಲಿ ಪ್ಲಾಸ್ಟಿಕ್ ತಿನ್ನುತ್ತವೆ, ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಳ್ಳುತ್ತವೆ. ಅಂಥವು ಈ ಧಾಮಕ್ಕೆ ಬಂದಿವೆ. ನಾಲ್ಕು ದಿನ ನೀರು ಹೊತ್ತೆ, ಲದ್ದಿ ಬಾಚಿದೆ. ನನ್ನ ಪಕ್ಕದಲ್ಲಿ ಲದ್ದಿ ಬಾಚುತ್ತಿದ್ದ ಹುಡುಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು. ರಜೆ ಹಾಕಿ ಬಂದಿದ್ದ. ಕುರುಡಿ ಕುದುರೆಯೊಂದು ತನ್ನ ಜೊತೆಗಾರನ ಪಕ್ಕೆಗೆ ಮೂಗು ತಾಗಿಸಿಕೊಂಡೇ ಮೇಯುತ್ತಿತ್ತು. ಸಂಜೆ ಅದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಕುದುರೆಯ ಮೇಲೆ ಪ್ರೀತಿ ಇರುವ ಹುಡುಗರು ಈಗ ನನ್ನನ್ನು ಕೇಳಿಕೊಂಡು ಬರುತ್ತಾರೆ. ಎಲ್ಲಿ ಕಲಿಯುವುದು, ಎಲ್ಲಿಗೆ ಹೋಗುವುದು? ಓದುವ ಆಸೆ ಇದ್ದವರಿಗೆ ನಮ್ಮ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಹಳೆಯದಿದೆ. ಕುದುರೆಯ ರೋಗಗಳನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿದೆ. ಬೆಂಗಳೂರಿನಲ್ಲಿ 'ಕ್ಯೂಪಾ', ಮೈಸೂರಿನಲ್ಲಿ 'ಪೀಪಲ್ ಫಾರ್ ಅನಿಮಲ್ಸ್' ಇವೆ, ಕೇಳಿ ನೋಡಬಹುದು. ದುಡ್ಡು ಕೊಟ್ಟು ವಿದೇಶಕ್ಕೆ ಹೋಗಿ ಎರಡು ವಾರ 'ಸ್ವಯಂಸೇವೆ' ಮಾಡಿ ಬರುವ ಪ್ರವಾಸಗಳೂ ಇವೆಯಂತೆ. ಹೋಗುವವರು ಒಂದು ಮಾತು ಕೇಳಿಕೊಂಡು ಹೋಗಲಿ: ನಾವು ಬಾರದ ತಿಂಗಳಲ್ಲಿ ಆ ಕುದುರೆಗಳನ್ನು ಯಾರು ನೋಡಿಕೊಳ್ಳುತ್ತಾರೆ? ಉತ್ತರ ತಡವರಿಸಿದರೆ ಟಿಕೆಟು ತೆಗೆಸಬೇಡಿ.

ಪ್ರವಾಸ ಹೋದವಳೊಬ್ಬಳು ದೊಡ್ಡ ಕೆಲಸವನ್ನೇ ಆರಂಭಿಸಿದ ಉದಾಹರಣೆಯೂ ಇದೆ ಎನ್ನಿ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಕುದುರೆ ದಂಡುಗಳು ಕಾದಿದವು. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಊರು ಗೆದ್ದದ್ದು ಆ ರಣರಂಗದಲ್ಲೇ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆ ತನ್ನ ಕುದುರೆಗಳಲ್ಲಿ ಸಾವಿರಾರನ್ನು ಅಲ್ಲೇ ಮಾರಿತು. 1930ರಲ್ಲಿ ಕೈರೋಗೆ ಹೋದ ಡೊರೊಥಿ ಬ್ರೂಕ್ ಎಂಬ ಹೆಂಗಸು ಆ ಮುದಿ ಯುದ್ಧಾಶ್ವಗಳು ಬೀದಿಯಲ್ಲಿ ಕಲ್ಲು ಎಳೆಯುವುದನ್ನು ಕಂಡಳು. ಪತ್ರಿಕೆಗೆ ಪತ್ರ ಬರೆದು ದುಡ್ಡು ಕೂಡಿಸಿ, 1934ರಲ್ಲಿ ಅಲ್ಲೊಂದು ಆಸ್ಪತ್ರೆ ತೆರೆದಳು. ಅವಳ ಹೆಸರಿನ ಸಂಸ್ಥೆ ಈಗ ಭಾರತದಲ್ಲೂ ಇಟ್ಟಿಗೆ ಭಟ್ಟಿಗಳ ಕುದುರೆ, ಕತ್ತೆ, ಹೇಸರಗತ್ತೆಗಳ ನಡುವೆ ಕೆಲಸ ಮಾಡುತ್ತಿದೆ. ಅವರು ಕುದುರೆಯ ಒಡೆಯನಿಗೇ ಆರೈಕೆ ಕಲಿಸುತ್ತಾರೆ ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಸಾಬರಂಥವರನ್ನು ಹೊರಗಿಟ್ಟು ಕುದುರೆಯನ್ನು ಉಳಿಸುವುದು ಹೇಗೆ?

2024ರ ಡಿಸೆಂಬರ್ ಕೊನೆಯ ಎಳ್ಳಮಾವಾಸ್ಯೆಗೆ ಜಾತ್ರೆಯಲ್ಲಿ ಮತ್ತೆ ಒಂದು ತಟ್ಟು ಬಂದಿತ್ತು. ಬೂದು ಬಣ್ಣದ್ದು, ಕಿವಿಗೆ ಕೆಂಪು ಕುಚ್ಚು. ಯಜಮಾನ ಉತ್ತರದ ಕಡೆಯ ಯುವಕ. ಎಡ ಭುಜದ ಕಡೆಯಿಂದ, ಏನೋ ಗೊಣಗುತ್ತಾ ಹತ್ತಿರ ಹೋದೆ. ಕೇಳಿಯೇ ಗೊರಸು ಎತ್ತಿ ನೋಡಿದೆ, ಒಣಗಿತ್ತು, ವಾಸನೆಯಿರಲಿಲ್ಲ. ದವಡೆಯ ಕೆಳಗಿನ ನಾಡಿಗೆ ಎರಡು ಬೆರಳಿಟ್ಟು ಗಡಿಯಾರ ನೋಡತೊಡಗಿದೆ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ ಇಪ್ಪತ್ತೆಂಟರಿಂದ ನಲವತ್ತನಾಲ್ಕು ಇರಬೇಕು.

"ಏನ್ರೀ ಸರ, ಕೊಳ್ಳಾಕ ನೋಡಾಕತ್ತೀರೇನು?" ಎಂದು ಆತ ನಕ್ಕ.

"ಇಲ್ಲಪ್ಪ, ಒಂದು ನಿಮಿಷ" ಎಂದೆ. ಸುತ್ತ ಮಕ್ಕಳು ಸವಾರಿಗೆ ಕಾಯುತ್ತಿದ್ದರು. ಎಣಿಸಿ ಮುಗಿಸಿದೆ. ನಲವತ್ತು ಇತ್ತು.